ಉಬ್ಬರ-ಇಳಿತದ ಸಮಯವನ್ನೂ ಪಂಚಾಂಗದ ಪಕ್ಕ ಹಾಕಿ

ಮಾನ್ಯ ಸಂಪಾದಕರೇ,

ಸಾಲು ರಜೆ ಬಂತೆಂದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಟೆಂಪೊ ಟ್ರಾವೆಲರ್‌ಗಳು ಅರಬೈಲ್ ಘಟ್ಟ ಇಳಿಯತೊಡಗುತ್ತವೆ. ಬಹುತೇಕರ ಪಟ್ಟಿ ಒಂದೇ: ಗೋಕರ್ಣ, ಇಡಗುಂಜಿ, ಮುರುಡೇಶ್ವರ, ವ್ಯಾಳ್ಯಾ ಉಳಿದರೆ ಕಾರವಾರ, ರಾತ್ರಿಗೆ ಮನೆ. ಹುಬ್ಬಳ್ಳಿಯಿಂದ ಅಂಕೋಲೆಗೇ 130 ಕಿ.ಮೀ. ಮೇಲಾಗುತ್ತದೆ. ಮುರುಡೇಶ್ವರ ಮುಟ್ಟಿ ತಿರುಗಿದರೆ ಒಟ್ಟು 400 ಕಿ.ಮೀ. ದಾಟುತ್ತದೆ. ಹತ್ತು ತಾಸು ಸೀಟಿನ ಮೇಲೇ ಹೋಯಿತು. ಉಳಿದ ಹೊತ್ತಿನಲ್ಲಿ ದೇವರ ಸರದಿ, ಊಟದ ಸರದಿ. ಸಮುದ್ರಕ್ಕೆ ಇಳಿಯುವುದು ಹೊಟ್ಟೆ ಬಿರಿಯ ಉಂಡ ಮೇಲೆ, ಮಧ್ಯಾಹ್ನ ಮೂರಕ್ಕೆ. ಇಡೀ ದಿನದಲ್ಲಿ ನೀರಿಗಿಳಿಯಲು ಅತಿ ಕೆಟ್ಟ ಹೊತ್ತು ಅನೇಕ ದಿನ ಅದೇ ಆಗಿರುತ್ತದೆ.

ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ಹಿಂದುಮುಂದಿನ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ಉಬ್ಬರ ತುಂಬುವುದು ಮಧ್ಯಾಹ್ನದ ಆಸುಪಾಸು. ಅಲ್ಲಿಂದ ಸಂಜೆಯವರೆಗೆ ನೀರು ಇಳಿಯುತ್ತದೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳ ದಿಣ್ಣೆಗಳ ನಡುವಿನ ಇಕ್ಕಟ್ಟಾದ ಹಾದಿಯಲ್ಲಿ ಒಟ್ಟಾಗಿ ಹಿಂದಕ್ಕೆ ಓಡುತ್ತದೆ. ನೀರು ಇಳಿದಷ್ಟೂ ಈ ಹಾದಿ ಕಿರಿದಾಗಿ ಸೆಳೆತ ಜೋರಾಗುತ್ತದೆ. ಮೋಸ ಇರುವುದು ಇಲ್ಲಿ: ಅಕ್ಕಪಕ್ಕ ಅಲೆ ಒಡೆದು ನೊರೆ ಎದ್ದಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಬಣ್ಣ ತುಸು ಗಾಢವಾಗಿ ಕಾಣುತ್ತದೆ. ಮಕ್ಕಳನ್ನು ಆಡಿಸಲು ಇದೇ ಸುರಕ್ಷಿತ ಜಾಗ ಎಂದು ಬಯಲುಸೀಮೆಯ ಕಣ್ಣಿಗೆ ಅನ್ನಿಸುತ್ತದೆ. ಸಿಕ್ಕಿಬಿದ್ದವರು ದಡದ ಕಡೆಗೇ ಈಜಲು ಹೋಗಿ ಸೋಲುತ್ತಾರೆ. ಅಂಗಾತ ತೇಲಿ ಕೈ ಎತ್ತಿ ಕೂಗಬೇಕು, ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಹೋಗಿ ಸೆಳೆತದಿಂದ ಹೊರಬಿದ್ದ ಮೇಲೆ ತಿರುಗಬೇಕು. ದಡದಲ್ಲಿದ್ದವರು ಹಿಂದೆ ಹಾರುವುದರಿಂದ ಒಂದರ ಜಾಗದಲ್ಲಿ ಎರಡು ಜೀವ ಹೋಗುತ್ತವೆ. ಪ್ರತಿ ಗಾಡಿಯಲ್ಲೂ 20 ಲೀಟರಿನ ನೀರಿನ ಕ್ಯಾನ್ ಇರುತ್ತದಲ್ಲ, ಅದನ್ನು ಖಾಲಿ ಮಾಡಿ, ಮುಚ್ಚಳ ಬಿಗಿದು, ಹಗ್ಗ ಕಟ್ಟಿ ಎಸೆಯಿರಿ. ಅದು ಒಬ್ಬರನ್ನು ತೇಲಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ತೀರಿಕೊಂಡ ಮೇಲೂ ಇಷ್ಟನ್ನು ಹೇಳಿಕೊಟ್ಟು ಕರೆದೊಯ್ಯುವ ಶಾಲೆಗಳು ಕಡಿಮೆ.

ಆದ್ದರಿಂದ ಒಂದು ದಿನದ ಪ್ರವಾಸಕ್ಕೆ ಒಂದು ಪೇಟೆ, ಒಂದು ದಂಡೆ, ಒಂದು ಊಟ ಸಾಕು. ಹುಬ್ಬಳ್ಳಿ-ಅಂಕೋಲಾ ರೈಲು ಬರುವವರೆಗೆ ರಸ್ತೆಯೇ ಗತಿ. ನಸುಕಿನ ನಾಲ್ಕೂವರೆಗೆ ಹೊರಟು ಯಲ್ಲಾಪುರದಲ್ಲಿ ಚಹಾ ಕುಡಿದರೆ ಎಂಟಕ್ಕೆಲ್ಲ ಅಂಕೋಲಾ ಪೇಟೆ. ಹಾಲಕ್ಕಿ ಒಕ್ಕಲಿಗ ಹೆಂಗಸರು ಬಸಳೆ, ಹರಿವೆ, ಅಬ್ಬಲಿಗೆ ಹೂದಂಡೆ ಹರಡಿಕೊಂಡು ಕೂತಿರುತ್ತಾರೆ. ಮೇ ತಿಂಗಳಾದರೆ ಕರಿ ಇಶಾಡ ಮಾವು ಸಿಗುತ್ತದೆ. ಸಿಪ್ಪೆ ತೆಳು, ದೂರದ ಸಾಗಣೆಗೆ ತಾಳುವುದಿಲ್ಲ, ಅದಕ್ಕೇ ಹುಬ್ಬಳ್ಳಿಯಲ್ಲಿ ಅಪರೂಪ. ಕುಮಟಾ ಕಡೆಯ ಸಿಹಿ ಉಳ್ಳಾಗಡ್ಡಿ ಬೇಸಿಗೆಯಲ್ಲಿ ಹೆದ್ದಾರಿ ಬದಿ ಜಡೆ ಹೆಣೆದು ತೂಗುಹಾಕಿರುತ್ತಾರೆ. ಕಾರವಾರದ ಭಾನುವಾರದ ಸಂತೆಯೂ ಒಳ್ಳೆಯದೇ, ಆದರೆ ಅಲ್ಲಿನ ಕಾಯಿಪಲ್ಲೆ ಬಹಳಷ್ಟು ಘಟ್ಟದ ಮೇಲಿಂದಲೇ ಇಳಿದದ್ದು. ನಮ್ಮೂರ ಟೊಮೆಟೊವನ್ನೇ ಕೊಂಡು ವಾಪಸ್ ಘಟ್ಟ ಹತ್ತಿಸುವವರನ್ನು ಕಂಡರೆ ನಗು ಬರುತ್ತದೆ.

ಮೀನು ಕೊಳ್ಳುವವರು ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆರಳಿಂದ ಒತ್ತಿದ ಗುಳಿ ಕೂಡಲೇ ತುಂಬಬೇಕು. ಬಂಗಡೆ, ತಾರ್ಲಿಯ ಹೊಟ್ಟೆ ಒಡೆದಿದ್ದರೆ ಬೇಡ. ಅಲ್ಲೇ ಕಿವಿರು, ಕರುಳು ತೆಗೆಸಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಮಂಜುಗಡ್ಡೆ ಬೇಕು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಒಂದು ಪದರ ಮಂಜು, ಒಂದು ಪದರ ಮೀನು, ಮೇಲೆ ಮತ್ತೆ ಮಂಜು. ಪೆಟ್ಟಿಗೆಯ ತಳಕ್ಕೊಂದು ತೂತು ಕೊರೆದು ಕೆಳಗೆ ತಾಟು ಇಡಿ, ಕರಗಿದ ನೀರಿನಲ್ಲಿ ಮೀನು ನೆನೆಯಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿ ಎಸೆದ ಬಂಗಡೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ವಾಸನೆ ಬರದಿದ್ದರೂ ಕೆಟ್ಟಿರಬಹುದು. ಸೆಕೆಯಲ್ಲಿ ಈ ಜಾತಿಯ ಮೀನಿನ ಮಾಂಸದಲ್ಲಿ ಹಿಸ್ಟಮೈನ್ ಎಂಬ ರಾಸಾಯನಿಕ ಬೆಳೆಯುತ್ತದೆ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಉಂಡ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಆಮೇಲೆ ‘ಮೀನು ನಮಗೆ ಆಗಿಬರೋದಿಲ್ಲ’ ಎಂದು ಮೀನಿನ ಮೇಲೆ ಅಪವಾದ.

ಪೆಟ್ಟಿಗೆಯನ್ನು ನೆರಳಲ್ಲಿ ಇಟ್ಟು ಒಂಬತ್ತೂವರೆಗೆ ದಂಡೆಗೆ ಹೋದರೆ ಹನ್ನೊಂದರವರೆಗೆ ಆಡಲು ಸಾಕಷ್ಟು ಹೊತ್ತು. ಹುಣ್ಣಿಮೆ-ಅಮಾವಾಸ್ಯೆಯ ದಿನಗಳಲ್ಲಿ ಆಗ ನೀರು ಏರುತ್ತಿರುತ್ತದೆ. ಮೊಣಕಾಲಿನ ಆಳ ದಾಟಬೇಡಿ. ನದಿ, ಹಳ್ಳ ಬಂದು ಕೂಡುವ ಬಾಯಿಯ ಹತ್ತಿರವಂತೂ ಯಾವ ಹೊತ್ತಿಗೂ ಬೇಡ.

ಊಟಕ್ಕೆ ಕುಚಲಕ್ಕಿ ಅನ್ನ, ಬಂಗಡೆ ಸಾರು, ನೊಗ್ಲಿ ಮೀನಿನ ರವಾ ಫ್ರೈ. ಸಾರಿನ ಆ ಕೆಂಪು ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯದು, ಪರಿಮಳ ಕರಾವಳಿಯ ಮಸಾಲೆಕಾಯಿ ತೆಪ್ಪಲದ್ದು. ಒಣ ತೆಪ್ಪಲ ಕೊಂಡು ತಂದರೆ ಮನೆಯಲ್ಲೂ ಮಾಡಬಹುದು. ಅರ್ಧ ಕಿಲೋ ಬಂಗಡೆಗೆ ಅರ್ಧ ತೆಂಗಿನಕಾಯಿ ತುರಿ, ಎಂಟು-ಹತ್ತು ಬ್ಯಾಡಗಿ, ಒಂದು ಚಮಚ ಕೊತ್ತಂಬರಿ ಬೀಜ, ಚಿಟಿಕೆ ಅರಿಶಿನ, ಸ್ವಲ್ಪ ಹುಣಸೆ ನುಣ್ಣಗೆ ರುಬ್ಬಿ ಕುದಿಸಿ. ಮೀನು ಬಿಟ್ಟ ಮೇಲೆ ಸೌಟು ಆಡಿಸಬೇಡಿ, ಪಾತ್ರೆಯನ್ನೇ ಹಿಡಿದು ತಿರುವಿ. ಐದಾರು ತೆಪ್ಪಲದ ಒಳಗಿನ ಕರಿ ಬೀಜ ತೆಗೆದು, ಸಿಪ್ಪೆಯನ್ನಷ್ಟೇ ಜಜ್ಜಿ ಮೀನಿನ ಜೊತೆ ಹಾಕಿ. ಮಸಾಲೆಯ ಜೊತೆ ರುಬ್ಬಿದರೆ ಕಹಿ. ಏಳೆಂಟು ನಿಮಿಷಕ್ಕೆ ಒಲೆ ಆರಿಸಿ, ಒಂದು ತಾಸು ಬಿಟ್ಟು ಉಣ್ಣಿ. ಮೀನು ತಿನ್ನದವರಿಗೆ ಸೋಲ್ ಕಡಿ ಇದೆ: ಉಗುರು ಬೆಚ್ಚಗಿನ ನೀರಲ್ಲಿ ಅರ್ಧ ತಾಸು ನೆನೆದ ಮುರುಗಲು (ಕೋಕಂ) ಸಿಪ್ಪೆಯ ರಸ, ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು. ಕಾಯಿಸಿದರೆ ಒಡೆಯುತ್ತದೆ.

ಉಂಡು ನೆರಳಲ್ಲಿ ಒರಗಿ, ಐದಕ್ಕೆ ಹೊರಟುಬಿಡಬೇಕು. ಸೂರ್ಯಾಸ್ತ ನೋಡಿಯೇ ತೀರುತ್ತೇವೆ ಎನ್ನುವವರು ರಾತ್ರಿ ಅಲ್ಲೇ ತಂಗಲಿ. ದಿನವಿಡೀ ಓಡಿಸಿದ ಚಾಲಕನನ್ನು ಕತ್ತಲಲ್ಲಿ ಲಾರಿಗಳ ನಡುವೆ ಅರಬೈಲ್ ಹತ್ತಿಸುವುದು ಸರಿಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರವಾಸವೇ ಬೇಡ. ಸಮುದ್ರ ಒರಟು, ಘಟ್ಟದಲ್ಲಿ ಗುಡ್ಡ ಕುಸಿಯುವ ಭಯ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ಮೀನೂ ಕಡಿಮೆ.

ನಿಮ್ಮಲ್ಲಿ ನಮ್ಮದೊಂದು ಕೋರಿಕೆ. ಪತ್ರಿಕೆಯಲ್ಲಿ ರಾಹುಕಾಲ, ಗುಳಿಕ ಕಾಲ ದಿನವೂ ಅಚ್ಚಾಗುತ್ತವೆ. ಅದೇ ಚೌಕದಲ್ಲಿ ಶನಿವಾರ, ಭಾನುವಾರ ಮತ್ತು ರಜೆಯ ದಿನ ಕಾರವಾರ ತೀರದ ಉಬ್ಬರ-ಇಳಿತದ ಸಮಯವನ್ನೂ ಹಾಕಿ. ಎರಡು ಸಾಲಿನ ಜಾಗ ಸಾಕು. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಈ ಮುನ್ಸೂಚನೆಯನ್ನೂ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಪ್ರಕಟಿಸುತ್ತದೆ. ಕರಾವಳಿ ಆವೃತ್ತಿಗಿಂತ ಮೊದಲು ಹುಬ್ಬಳ್ಳಿ ಆವೃತ್ತಿಯಲ್ಲಿ ಅದು ಬರಲಿ, ಅಲ್ಲಿಯವರಿಗೆ ಕಡಲು ನೋಡಿದರೇ ತಿಳಿಯುತ್ತದೆ.

ಇಂತಿ,
ಅಂಕೋಲಾ ಮೂಲದ ಕೆಲವು ಓದುಗರು,
ನವನಗರ, ಹುಬ್ಬಳ್ಳಿ