ಸಮೂಹ ಗಾಯನ: ಧ್ವನಿವರ್ಧಕ ಬಂದ್ ಮಾಡಿ

ಮಾನ್ಯ ಸಂಪಾದಕರೇ,

ರಾಜ್ಯೋತ್ಸವ ಹತ್ತಿರವಾದಂತೆ ಶಾಲೆಗಳಲ್ಲಿ ಸಮೂಹ ಗಾಯನದ ತಾಲೀಮು ಶುರುವಾಗುತ್ತದೆ. 2022ರ ಅಕ್ಟೋಬರ್ 28ರ ‘ಕೋಟಿ ಕಂಠ ಗಾಯನ’ದಲ್ಲಿ ಸಂಖ್ಯೆಯೇ ಹೆಗ್ಗಳಿಕೆಯಾಗಿತ್ತು. ಮಕ್ಕಳ ಮನಸ್ಸು ಅರಳಲು ನಲವತ್ತು ಕಂಠ ಸಾಕು, ಪಕ್ಕದವರ ದನಿ ಕಿವಿಗೆ ಬಿದ್ದರೆ.

ಧ್ವನಿಮುದ್ರಿಕೆಯನ್ನು ಜೋರಾಗಿ ಹಾಕಿ ಜೊತೆಗೆ ಹಾಡಿಸಿದರೆ ಆ ದನಿ ಕಿವಿಗೆ ಬೀಳುವುದಿಲ್ಲ. ತನ್ನ ದನಿಯೇ ಕೇಳದ ಮಗು ಕಿರುಚುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ತಂಬೂರಿ ಆ್ಯಪ್‌ನ ಶ್ರುತಿಯೊಂದೇ ಇರಲಿ. ಅರ್ಧವೃತ್ತದಲ್ಲಿ ನಿಲ್ಲಿಸಿ, ಮೊದಲು ಬಾಯಿ ಮುಚ್ಚಿ ಷಡ್ಜ (‘ಸ’ ಸ್ವರ) ಗುನುಗಿಸಿ. ಅಳುಕುವ ಮಗುವನ್ನು ಹಿಂದಿನ ಸಾಲಿಗೆ ತಳ್ಳದೆ ಗಟ್ಟಿಯಾಗಿ ಹಾಡುವ ಇಬ್ಬರ ನಡುವೆ ನಿಲ್ಲಿಸಿ. ಉಸಿರನ್ನು ಎಲ್ಲರೂ ಒಮ್ಮೆಲೇ ಎಳೆದರೆ ಸಾಲು ತುಂಡಾಗುತ್ತದೆ. ಪಕ್ಕದವರು ಹಾಡುತ್ತಿರುವಾಗ ತಾನು ಉಸಿರೆಳೆಯುವುದನ್ನು ಕಲಿಸಿ. ಇನ್ನೊಬ್ಬರನ್ನು ನೆಚ್ಚುವ ಅಭ್ಯಾಸ ಅಲ್ಲಿಂದಲೇ ಮೊದಲಾಗುತ್ತದೆ.

ಶಿಕ್ಷಕರು ತಮ್ಮ ಗಂಟಲಿಗೆ ಹೊಂದುವ ಶ್ರುತಿ ಹಿಡಿಯುವುದೇ ದೊಡ್ಡ ತಪ್ಪು. ಐದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಐದನೇ ಬಿಳಿ ಮನೆಯೇ ‘ಸ’ ಆದಾಗ) ಮಂದ್ರ ಪಂಚಮಕ್ಕೆ, ಎಂದರೆ ಕೆಳಗಿನ ‘ಪ’ಕ್ಕೆ, ಇಳಿದರೆ ಪ್ರಾಥಮಿಕ ಶಾಲೆಯ ಮಕ್ಕಳ ದನಿ ಮಾಯ. ಹಾಡಿನ ಅತಿ ಕೆಳಗಿನ ಸ್ವರವನ್ನು ಹಾರ್ಮೋನಿಯಂನ ಮಧ್ಯ ಸಪ್ತಕದ ಮೊದಲ ಬಿಳಿ ಮನೆಯ ಆಸುಪಾಸಿಗೆ ತಂದು, ಮೇಲಿನದು ಒಂದು ಸ್ಥಾಯಿ (‘ಸ’ದಿಂದ ಮೇಲಿನ ‘ಸ’ದವರೆಗಿನಷ್ಟು ಅಂತರ) ದಾಟದಂತೆ ಶ್ರುತಿ ಆರಿಸಿ.

ಏಳರಿಂದ ಹತ್ತನೇ ತರಗತಿಯ ಹುಡುಗರದು ಬೇರೆಯೇ ಪಾಡು. ದನಿ ಒಡೆಯುವ ವಯಸ್ಸು. ಒಮ್ಮೆ ಕೀರಲಾದರೆ ಇಡೀ ಸಾಲು ನಗುತ್ತದೆ, ಹುಡುಗ ಮತ್ತೆ ಬಾಯಿ ತೆರೆಯುವುದಿಲ್ಲ. ಅವನಿಗೆ ಒಂದು ಸ್ಥಾಯಿ ಕೆಳಗೆ ಹಾಡಲು ಬಿಡಿ. ಅದೂ ಕಷ್ಟವಾದರೆ ಷಡ್ಜವನ್ನು ಹಿಡಿದು ನಿಲ್ಲಲಿ, ತಾಳ ಹಾಕಲಿ. ‘ನೀನು ಬರೀ ತುಟಿ ಆಡಿಸು’ ಎನ್ನುವುದನ್ನಂತೂ ನಿಲ್ಲಿಸಬೇಕು.

ಗುಂಪು ದೊಡ್ಡದಾದಷ್ಟೂ ಲಯ ಎಳೆಯುತ್ತದೆ. 2022ರ ಸರ್ಕಾರಿ ಆದೇಶ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡ್ ಅವಧಿಯನ್ನೂ ಗೊತ್ತುಮಾಡಿದೆ. ಗಡಿಯಾರ ಇಟ್ಟು ನೋಡಿ. ಮೂರು ನಿಮಿಷ ಹಿಡಿಯಿತೆಂದರೆ ಹಿಂದಿನ ಸಾಲು ಮುಂದಿನದನ್ನು ಕಾಯುತ್ತಿದೆ ಎಂದರ್ಥ. ಬೈಯುವ ಬದಲು ಹಿಂದಿನವರನ್ನು ಮುಂದೆ ತನ್ನಿ.

ಗೀಗೀ ಪದದ ಮೇಳದ ಹಾಗೆ ಒಂದು ಗುಂಪು ಹೇಳಿ ಇನ್ನೊಂದು ಎತ್ತಿಕೊಳ್ಳುವ ಕ್ರಮ ಸಲೀಸು, ವಾದ್ಯವೂ ಬೇಡ. ಶ್ರುತಿ ಹಿಡಿದುಕೊಡುವ, ತಾಳ ಹಾಕುವ ಹೊಣೆ ವಾರವಾರ ಬದಲಾಗಲಿ. ವಾರಕ್ಕೆರಡು ಸಲ ಹದಿನೈದು ನಿಮಿಷ ಸಾಕು. ಸ್ಪರ್ಧೆಗೆಂದು ಐದಾರು ಒಳ್ಳೆಯ ಕಂಠಗಳನ್ನು ಆರಿಸುವ ಕೆಲಸ ಬೇರೆ ಹೊತ್ತಿನಲ್ಲಿ ನಡೆಯಲಿ, ಈ ಮೂವತ್ತು ನಿಮಿಷದಲ್ಲಿ ಬೇಡ.

– ಸಂಗೀತ ಶಿಕ್ಷಕರು, ಹಾಸನ ಜಿಲ್ಲೆ