ಗಿನ್ಸ್‌ಬರ್ಗ್‌ನ ಮೊಲೊಕ್ ಮತ್ತು ಮಾರತ್‌ಹಳ್ಳಿ

ಮಾನ್ಯ ಸಂಪಾದಕರೇ,

ಅಮೆರಿಕದ ಕವಿ ಅಲೆನ್ ಗಿನ್ಸ್‌ಬರ್ಗ್‌ನ ‘ಹೌಲ್’ ಕವಿತೆಯನ್ನು ಅಶ್ಲೀಲವೆಂದು ತಳ್ಳಿಹಾಕುವವರು ಅದರ ಎರಡನೆಯ ಭಾಗವನ್ನು ಓದಿರಲಾರರು. 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲು ವಾಚನಗೊಂಡ ಈ ಕವಿತೆ 1957ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ, ಅಶ್ಲೀಲವಲ್ಲವೆಂಬ ತೀರ್ಪು ಪಡೆಯಿತು. ಆ ಎರಡನೆಯ ಭಾಗದಲ್ಲಿ, ಮಕ್ಕಳ ಬಲಿ ಬೇಡುತ್ತಿದ್ದ ಪುರಾತನ ದೈವ ಮೊಲೊಕ್‌ನನ್ನು ಯಂತ್ರ, ಹಣ, ಯುದ್ಧಗಳ ರೂಪದಲ್ಲಿ ಕಾಣುವ ಕವಿ, ಅವನ ಕಣ್ಣುಗಳು ಸಾವಿರ ಕುರುಡು ಕಿಟಕಿಗಳು ಎನ್ನುತ್ತಾನೆ. ರಾತ್ರಿ ಹತ್ತಕ್ಕೆ ಮಾರತ್‌ಹಳ್ಳಿಯಲ್ಲಿ ಬಸ್ಸಿಗೆ ಕಾಯುವಾಗ, ಇನ್ನೂ ದೀಪ ಆರದ ಗಾಜಿನ ಕಟ್ಟಡಗಳನ್ನೂ, ಕೊರಳಿನ ಐಡಿ ಕಾರ್ಡ್ ಕೂಡ ತೆಗೆಯದೆ ಕ್ಯಾಬಿನಲ್ಲಿ ನಿದ್ದೆಹೋದ ಹುಡುಗರನ್ನೂ ಕಂಡು ನನಗೆ ಆ ಸಾಲು ನೆನಪಾಗುತ್ತದೆ. ಭಾಷೆ ಒರಟು, ನಿಜ. ನನಗೂ ಕೆಲವು ಸಾಲುಗಳು ಹಿಡಿಸಿಲ್ಲ. ಆದರೂ ಪದವಿ ತರಗತಿಗಳಲ್ಲಿ ಇದನ್ನು ಕತ್ತರಿ ಹಾಕದೆ ಓದಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಬೆಂಗಳೂರು