ಅಪ್ಪಯ್ಯನ ಒಂದು ಮಾತ್ರೆ ನಿಂತಿತು

ನಿನ್ನೆ ಶಿವಮೊಗ್ಗದಲ್ಲಿ ಹೃದ್ರೋಗ ವಿಭಾಗದ ಡಾಕ್ಟರು ಅಪ್ಪಯ್ಯನ ಮಾತ್ರೆ ಚೀಟಿಯಲ್ಲಿ ಒಂದರ ಮೇಲೆ ಗೆರೆ ಎಳೆದರು. ಹೃದಯಾಘಾತವಾಗಿ, ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿ ವರ್ಷ ತುಂಬಿತು, ರಕ್ತ ಹೆಪ್ಪುಗಟ್ಟದಂತೆ ಕೊಡುತ್ತಿದ್ದ ಎರಡು ಮಾತ್ರೆಗಳಲ್ಲಿ ಇನ್ನು ಆಸ್ಪಿರಿನ್ ಒಂದೇ ಸಾಕು, ಅದನ್ನು ಮಾತ್ರ ಬಿಡುವ ಹಾಗಿಲ್ಲ ಎಂದರು. ಇಲ್ಲಿವರೆಗೆ ತಂದು ಮುಟ್ಟಿಸಿದವರಿಗೆ ಎಲ್ಲರೆದುರು ನಮಸ್ಕಾರ ಹೇಳಬೇಕು ಅನ್ನಿಸಿತು.

ಮೊದಲ ನಮಸ್ಕಾರ ನಮ್ಮ ತಾಲ್ಲೂಕು ಆಸ್ಪತ್ರೆಗೆ. ಹೋದ ಮಳೆಗಾಲ ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುತ್ತಿದ್ದಾಗ ಅಪ್ಪಯ್ಯನಿಗೆ ಎದೆ ಹಿಂಡಿ, ನೋವು ಎಡತೋಳಿಗೆ ಇಳಿಯಿತು. ಆ ಮಳೆಯಲ್ಲೂ ಮೈಯೆಲ್ಲ ಬೆವರು. ಪಕ್ಕದ ಮನೆಯವರ ಜೀಪು ಬಂತು. ಸೀದಾ ಮಣಿಪಾಲಕ್ಕೇ ಹೋಗೋಣ ಎಂದರು ಕೆಲವರು. ನಮ್ಮ ಕಡೆ ದೊಡ್ಡ ಕಾಯಿಲೆ ಎಂದರೆ ಆಗುಂಬೆ ಘಾಟಿ ಇಳಿಯುವುದೇ ರೂಢಿ. ಅಮ್ಮ ಒಪ್ಪಲಿಲ್ಲ. "ಮೊದ್ಲು ಇಲ್ಲಿ ತೋರ್ಸಿ, ಆಮೇಲೆ ಎಲ್ಲಿಗಾದ್ರೂ ಹೋಗಿ" ಎಂದಳು. ಅಪ್ಪಯ್ಯ ಉಳಿದದ್ದು ಆ ಮಾತಿನಿಂದ ಅಂತಲೇ ನಾನು ತಿಳಿದಿದ್ದೇನೆ.

ಚೀಟಿ ಮಾಡಿಸುವ ಮೊದಲೇ ಇಸಿಜಿ ತೆಗೆದರು. ಸಿಸ್ಟರ್ ಮಾತ್ರೆ ಕೊಟ್ಟು, ನುಂಗಬೇಡಿ, ಅಗಿಯಿರಿ ಎಂದರು. ಡ್ಯೂಟಿ ಡಾಕ್ಟರು ಇಸಿಜಿಯನ್ನು ಹೃದ್ರೋಗ ತಜ್ಞರಿಗೆ ಮೊಬೈಲಿನಲ್ಲಿ ಕಳಿಸಿ, ಉತ್ತರ ಬಂದ ಕೂಡಲೇ ತೂಕ ಎಷ್ಟು ಎಂದು ಕೇಳಿದರು. ಅಷ್ಟು ನೋವಿನಲ್ಲೂ ಅಪ್ಪಯ್ಯ, "ಮ್ಯಾಮ್ಕೋಸ್‌ನಲ್ಲಿ ಅಡಿಕೆ ತೂಗ್ಸಿದ್ದು ಗೊತ್ತು, ನಂದು ಗೊತ್ತಿಲ್ಲ" ಎಂದರು. ಮ್ಯಾಮ್ಕೋಸ್ ಎಂದರೆ ನಮ್ಮ ಕಡೆ ಅಡಿಕೆ ಮಾರುವ ಸಹಕಾರ ಸಂಘ. ತೂಕ ಕೇಳಿದ್ದು ಟೆನೆಕ್ಟೆಪ್ಲೇಸ್ ಎಂಬ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು. ತೂಕ ನೋಡಿ ಒಂದೇ ಸಲಕ್ಕೆ ಕೊಡುವಂಥದ್ದು. ಹೊರಗೆ ಕೊಂಡರೆ ಸಾವಿರಗಟ್ಟಲೆ ರೂಪಾಯಿ, ಇಲ್ಲಿ ನಯಾಪೈಸೆ ಕೇಳಲಿಲ್ಲ. 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ತಂದ ಹೃದಯಜ್ಯೋತಿ ಯೋಜನೆ ಇರುವುದೇ ಇದಕ್ಕೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಇಸಿಜಿ ತೆಗೆದು, ಮೇಲೆದ್ದ ಗೆರೆ ಇಳಿದಿದೆ, ಅಂದರೆ ಇಂಜೆಕ್ಷನ್ ಕೆಲಸ ಮಾಡಿದೆ, ಇನ್ನು ಶಿವಮೊಗ್ಗಕ್ಕೆ ಹೊರಡಿ ಎಂದರು.

ಶಿವಮೊಗ್ಗದಲ್ಲಿ ಮರುದಿನ ಮಣಿಕಟ್ಟಿನಿಂದ ತಂತಿ ಬಿಟ್ಟು, ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಂ ಮಾಡಿ, ಹಾಗೆಯೇ ಸ್ಟೆಂಟ್ ಹಾಕಿದರು. ಕ್ಯಾಥ್‌ಲ್ಯಾಬಿನ ಡಾಕ್ಟರು, ಟೆಕ್ನಿಷಿಯನ್ನರು ಎಲ್ಲರಿಗೂ ಋಣಿ. ಬಿಪಿಎಲ್ ಕಾರ್ಡು, ಆಧಾರ್ ಹಿಡಿದು ಕಂಗಾಲಾಗಿ ನಿಂತಿದ್ದ ನನ್ನನ್ನು ಕೂರಿಸಿ ಆಯುಷ್ಮಾನ್ ಕಾಗದಪತ್ರ ಮಾಡಿಸಿಕೊಟ್ಟ ಆರೋಗ್ಯಮಿತ್ರರಿಗೂ. ರಾತ್ರಿ ಜೊತೆಗಿದ್ದವರಿಗೆ ಕಾಲು ಚಾಚುವಷ್ಟು ಜಾಗವಿದ್ದಿದ್ದರೆ ಚೆನ್ನಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಐಸಿಯು ಸಿಸ್ಟರ್ ಒಬ್ಬರದು ಮಾತ್ರ ಬೇರೆಯೇ ಕಥೆ. ದಾಖಲಾದ ಕೂಡಲೇ ಅಪ್ಪಯ್ಯನ ಎಲೆಅಡಿಕೆ ಸಂಚಿ ಕಸಿದಿಟ್ಟುಕೊಂಡರು. ಡಿಸ್ಚಾರ್ಜ್ ದಿನ ಮರೆಯದೆ ವಾಪಸು ಕೊಟ್ಟರು. ಬಿಚ್ಚಿ ನೋಡಿದರೆ ಸುಣ್ಣದ ಡಬ್ಬಿ ಇತ್ತು, ಅಡಕತ್ತರಿ ಇತ್ತು, ಹೊಗೆಸೊಪ್ಪು ಮಾತ್ರ ಇಲ್ಲ. "ಅದು ನನ್ ಹತ್ರಾನೇ ಇರ್ಲಿ ಅಜ್ಜ, ಇನ್ನೊಂದ್ಸಲ ಬಂದ್ರೆ ನೋಡಿ" ಎಂದು ಗದರಿದರು. ನಾವು ಮನೆಯವರು ಎಷ್ಟೋ ವರ್ಷ ಹೇಳಿ ಸೋತದ್ದು ಆ ಒಂದು ಗದರಿಕೆಗೆ ನಿಂತಿತು. ಅಪ್ಪೆಮಿಡಿ ಉಪ್ಪಿನಕಾಯಿಗೆ ಹಾಕಿದ ನಿರ್ಬಂಧವನ್ನು ಮಾತ್ರ ಅಪ್ಪಯ್ಯ ಇನ್ನೂ ಕ್ಷಮಿಸಿಲ್ಲ.

ಆ ದಿನ ಮಂಡಗದ್ದೆ, ಗಾಜನೂರು ದಾಟಿಸಿ ಸುರಿವ ಮಳೆಯಲ್ಲಿ ಶಿವಮೊಗ್ಗ ಮುಟ್ಟಿಸಿದ 108ರ ಡ್ರೈವರಣ್ಣ, ಒಳಗೆ ದಾರಿಯುದ್ದಕ್ಕೂ ಬಿಪಿ ನೋಡುತ್ತ ಕೂತಿದ್ದ ಹುಡುಗ, ಇಬ್ಬರೂ ಸ್ಟ್ರೆಚರ್ ಇಳಿಸಿದವರೇ ಮುಂದಿನ ಕರೆಗೆ ಹೊರಟುಹೋದರು. ಪರಿಚಯದವರು ಯಾರಾದರೂ ಇದ್ದರೆ ಇದನ್ನು ಅವರಿಗೆ ಮುಟ್ಟಿಸಿ. ಈ ಕಡೆ ಬಂದಾಗ ಮನೆಗೆ ಊಟಕ್ಕೆ ಬರಲೇಬೇಕು ಎಂದು ಅಪ್ಪಯ್ಯ ಹೇಳಿದ್ದಾರೆ.